ಸಾಕ್ಷಿಗಳ ಪಟ್ಟಿಯಲ್ಲಿ ಕರಡಿ ಇರಲಿಲ್ಲ

ಹದಿಮೂರು ವರ್ಷದಿಂದ ಅವನು ಆ ಮನರಂಜನಾ ಪಾರ್ಕಿನ ಕರಡಿ. ಮನೆಯಲ್ಲಿ ಹೆಂಡತಿ ಕೂಡ "ಬಂತಪ್ಪಾ ನಮ್ಮ ಕರಡಿ" ಅಂತಲೇ ಬಾಗಿಲು ತೆಗೆಯುತ್ತಿದ್ದಳು. ವೇಷದ ತೂಕ ಎಂಟು ಕಿಲೋ. ಕರಡಿಯ ತೆರೆದ ಬಾಯಿಗೆ ಹೊಂದಿಸಿದ ಜಾಲರಿಯಿಂದ ಲೋಕ ನೋಡಬೇಕು. ನೆತ್ತಿಯೊಳಗೆ ಅಂಗೈಯಗಲದ ಒಂದು ಫ್ಯಾನು. ಅದು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಅದನ್ನು ಬೈದು, ತಟ್ಟಿ, ಮತ್ತೆ ತಿರುಗುವಂತೆ ಮಾಡುತ್ತಿದ್ದವನು ರಾಕೆಟ್ ರೈಲಿನ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಗ್ರೀಸಣ್ಣ.

ವೇಷ ತೊಟ್ಟವರು ತುಟಿ ಬಿಚ್ಚಬಾರದು ಎಂಬುದು ಪಾರ್ಕಿನ ಕಟ್ಟಪ್ಪಣೆ. ಬೇರೆಯವರಿಗೆ ಬಾಯಿ ಬಿಟ್ಟರೆ ಬಣ್ಣಗೇಡು, ಕರಡಿಗೆ ನೌಕರಿಗೇಡು. ಅದಕ್ಕೇ ದಿನಾ ನಾಲ್ಕು ಗಂಟೆಗೆ ವೇದಿಕೆಯ ಮೇಲೆ ಒಂದು ಆಟ: ಕರಡಿ ಬರಿಯ ಕೈಸನ್ನೆಯಲ್ಲಿ ಏನಾದರೂ ಮಾಡಿ ತೋರಿಸುವುದು, ಮಕ್ಕಳು ಅದೇನೆಂದು ಕೂಗಿ ಹೇಳುವುದು.

ಆ ಸೋಮವಾರ ಮಧ್ಯಾಹ್ನ ಗ್ರೀಸಣ್ಣ ಸತ್ತ.

ಕರಡಿ ಆಗ ರೈಲಿನ ಬೇಲಿಯ ಹಿಂದಿನ ಬೆಂಚಿನ ಮೇಲೆ ಕೂತಿತ್ತು. ತಿರುವಿನ ಹತ್ತಿರ ಹಳಿ ಕಿರುಗುಟ್ಟುತ್ತಿತ್ತು. "ಸಾರ್, ರೈಲು ನಿಲ್ಲಿಸ್ಬಿಡಿ, ಕೆಳಗಿಳಿದು ನೋಡ್ತೀನಿ" ಅಂದ ಗ್ರೀಸಣ್ಣ. ಮ್ಯಾನೇಜರು ಕೈಗಡಿಯಾರ ತಟ್ಟಿದರು. "ಕ್ಯೂ ನೋಡಿದ್ಯೇನಯ್ಯಾ? ನಿಲ್ಲಿಸೋದೆಲ್ಲ ಬೇಡ. ಎರಡು ನಿಮಿಷದ ಕೆಲಸ, ಓಡ್ತಿರುವಾಗ್ಲೇ ಮುಗಿಸ್ಬಿಡು."

ಅವನು ಇಳಿದ. ರೈಲು ಎರಡನೇ ಸುತ್ತು ಬಂತು.

ಮುಂದಿನದನ್ನು ಪಾರ್ಕು ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಸಿತು. ಐದೇ ನಿಮಿಷದಲ್ಲಿ ಸುತ್ತ ಬಣ್ಣದ ಪರದೆ, ಎಲ್ಲರಿಗೂ ಪುಕ್ಕಟೆ ಐಸ್‌ಕ್ರೀಂ, ಮೈಕಿನಲ್ಲಿ "ತಾಂತ್ರಿಕ ವಿರಾಮ". ಅಪಘಾತ ಅನ್ನುವ ಮಾತು ಅಲ್ಲಿ ಯಾರ ನಾಲಿಗೆಗೂ ಬರಕೂಡದು. ಕರಡಿಗೆ ಸಿಕ್ಕ ಆಜ್ಞೆ ಒಂದೇ: "ಕುಣಿ! ಒಬ್ರೂ ಆ ಕಡೆ ತಿರುಗಿ ನೋಡ್ಬಾರ್ದು." ಪರದೆಯಾಚೆ ಗೆಳೆಯ ಬಿದ್ದಿದ್ದ, ಈಚೆ ಅವನು ಕುಣಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಿಂದ ಆದಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಯಾವ ಬೈಗುಳದಿಂದಲೂ ಆಗಿರಲಿಲ್ಲ.

ಪಾರ್ಕಿನ ಸಂಜೆಯ ಹೇಳಿಕೆಯಲ್ಲಿ ಗ್ರೀಸಣ್ಣ ಯಾರನ್ನೂ ಕೇಳದೆ, ತಾನೇ ಬುದ್ಧಿಗೆಟ್ಟು ಹಳಿಗಿಳಿದಿದ್ದ. ಸತ್ತವರು ಎದುರುತ್ತರ ಕೊಡುವುದಿಲ್ಲವಲ್ಲ! ಹತ್ತಿರದಲ್ಲಿದ್ದ ಇಬ್ಬರಿಗೆ, ಬಟನ್ ಒತ್ತುವವನಿಗೂ ಟಿಕೆಟ್ ಹರಿಯುವವಳಿಗೂ, ಕೇಳದೆಯೇ ಹದಿನೈದು ದಿನ ರಜೆ ಒದಗಿತು. ಕರಡಿ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಬೆಂಚಿನ ಮೇಲಿದ್ದ ಅದನ್ನು ಮ್ಯಾನೇಜರು ಕಂಡಿದ್ದರು. ಒಳಗೊಬ್ಬ ಮನುಷ್ಯ, ಅವನಿಗೆರಡು ಕಿವಿ ಎನ್ನುವುದು ಹೊಳೆದಿರಲಿಲ್ಲ.

ಬುಧವಾರ ಗ್ರೀಸಣ್ಣನ ಹೆಂಡತಿ ಅವನ ಮನೆಗೆ ಬಂದಳು. "ಅಣ್ಣಾ, ನಮ್ಮೋರು ತಮ್ಮ ತಪ್ಪಿಂದಾನೇ ಹೋದ್ರಂತೆ, ಹೌದಾ? ನಿಮ್ಮಪ್ಪ ದಡ್ಡ ಅಂತ ಶಾಲೆಯಲ್ಲಿ ಯಾರೋ ಮಗಳಿಗೆ ಹೇಳಿದ್ದಾರೆ." ಅವನು ಲೋಟದ ನೀರನ್ನೆಲ್ಲ ಕುಡಿದ.

ಅವಳು ಹೋದ ಮೇಲೆ ಹೆಂಡತಿ ಎದುರು ಕೂತಳು. "ಏನೋ ನುಂಗ್ಕೊಂಡು ಕೂತಿದ್ದೀರ ನೀವು."

"ಹೇಳಿದ್ರೆ ಕೆಲಸ ಹೋಗುತ್ತೆ ಕಣೇ."

"ಹೇಳ್ದಿದ್ರೆ ನೀವೇ ಹೋಗ್ತೀರ, ಒಳಗೊಳಗೇ."

ಗುರುವಾರ ತನಿಖೆಗೆ ಸುರಕ್ಷತಾ ಅಧಿಕಾರಿ ಬಂದರು, ದಪ್ಪ ಕನ್ನಡಕದ ಹೆಂಗಸು. ಮ್ಯಾನೇಜರು ಅವರಿಗೆ ನೆರಳಿನಂತೆ ಅಂಟಿಕೊಂಡರು. ಒಬ್ಬ ನೌಕರನೂ ಹತ್ತಿರ ಸುಳಿಯದಂತೆ ನೋಡಿಕೊಂಡರು. ಕೊನೆಗೆ, "ಮೇಡಂ, ನಮ್ಮ ಮಕ್ಕಳ ಆಟ ನೋಡ್ದೆ ಹೋಗ್ಬಾರ್ದು" ಎಂದು ತಾವೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಕರಡಿ ಮೈಯುಜ್ಜಿಕೊಂಡಿತು. "ಸ್ನಾನ!" ಸೌಟು ತಿರುವಿತು. "ಅಡುಗೆ!" ಮೂರನೆಯದು ಎಂದಿನಂತೆ ಕಾರು ಓಡಿಸುವುದು. ಸ್ಟೀರಿಂಗ್ ಹಿಡಿಯಲು ಎತ್ತಿದ ಕೈಗಳನ್ನು ಅವನು ಹಾಗೇ ಕೆಳಗಿಳಿಸಿದ. ಏನು ಮಾಡಲಿದ್ದೇನೆಂದು ಆ ಕ್ಷಣದವರೆಗೆ ಅವನಿಗೇ ಗೊತ್ತಿರಲಿಲ್ಲ.

ಸ್ಪ್ಯಾನರ್ ತಿರುಗಿಸಿದ. "ಮೆಕ್ಯಾನಿಕ್!" ಗಾಳಿಯಲ್ಲಿ ತಿರುವು ಬರೆದ. "ರೈಲು! ರಾಕೆಟ್ ರೈಲು!" ಕೆಳಗೆ ಬೆರಳು ತೋರಿಸಿ ಅಂಗೈ ಅಡ್ಡ ಹಿಡಿದ. "ಕೆಳಗಿಳೀಬೇಕು, ನಿಲ್ಲಿಸಿ ಅಂತಾನೆ!"

ಈಗ ಎದೆಯುಬ್ಬಿಸಿ ಕತ್ತಿನ ಬಳಿ ಗಂಟು ಸರಿಮಾಡಿಕೊಂಡ. "ಟೈ! ಟೈ ಹಾಕ್ಕೊಂಡೋರು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರು ಟೈ ಮುಟ್ಟಿ ನೋಡಿಕೊಂಡರು.

ಕರಡಿ ಮಣಿಕಟ್ಟು ತಟ್ಟಿತು, ಬೆರಳಾಡಿಸಿತು. "ಟೈಮಿಲ್ಲ! ನಿಲ್ಲಿಸೋದು ಬೇಡ! ರೈಲು ನಿಲ್ಲಿಸ್ಬೇಡ ಅಂತಾರೆ ಟೈ ಅಂಕಲ್!" ನೂರು ಮಕ್ಕಳ ಗಂಟಲಿಗೆ ಮೈಕು ಬೇಕೆ?

"ಹೊಸ ಐಟಂ ಮೇಡಂ... ಬನ್ನಿ, ಟೀ ಆರಿಹೋಗುತ್ತೆ."

"ಆರಲಿ. ಆಟ ಈಗ ಅರ್ಥ ಆಗ್ತಿದೆ" ಎಂದು ಅಧಿಕಾರಿ ಪೆನ್ನು ತೆಗೆದರು.

ಕರಡಿ ಬಗ್ಗಿ, ತೆವಳಿ, ಒಮ್ಮೆಲೇ ಚಾಚಿ ಬಿತ್ತು. "ನಿದ್ದೆ!" ಅಲ್ಲ. "ಸುಸ್ತು!" ಅದೂ ಅಲ್ಲ. ಗದ್ದಲ ಅಡಗಿತು. ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು, "ಸತ್ತೋದ್ರು."

ಅಧಿಕಾರಿ ಕೈಯಲ್ಲಿದ್ದ ಪಾರ್ಕಿನ ಹೇಳಿಕೆಯ ಮೇಲೆ ಉದ್ದಕ್ಕೊಂದು ಗೀಟು ಎಳೆದರು. "ಆ ವೇಷದೊಳಗಿರೋರ ಹೆಸರೇನು?"

ಮ್ಯಾನೇಜರ ಮುಖ ಹುಳ್ಳಗಾಯಿತು. "ಅದು... ಕರಡಿ ಅಂತಾರೆ ಮೇಡಂ."

"ಪರವಾಗಿಲ್ಲ, ಅವರನ್ನೇ ಕೇಳ್ತೀನಿ. ನೀವು ಇಲ್ಲೇ ಇರಿ, ಜೊತೆಗೆ ಬರೋದು ಬೇಡ."

ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಜಡೆಯವಳು ವೇದಿಕೆಯ ಅಂಚಿಗೆ ಬಂದು ಗಲ್ಲವೂರಿ ನಿಂತಿದ್ದಳು. "ಕರಡೀ, ಆಮೇಲೆ ಎದ್ರಾ ಅವ್ರು?"

ಆಟದಲ್ಲಿ ಬಿದ್ದವರೆಲ್ಲ ಏಳುತ್ತಾರೆ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಮಗುವಿಗೆ ಸುಳ್ಳು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಮಲಗಿದ್ದಲ್ಲಿಂದಲೇ ಇಲ್ಲವೆಂದು ತಲೆಯಾಡಿಸಿದ. ಸೋಮವಾರದಿಂದ ಬಾರದೆ ಸತಾಯಿಸುತ್ತಿದ್ದ ಅಳು ಆಗ ಬಂತು.