ಆಯಾಳ ಮೂಗು

"ಮೂಸೇ ಮುಂಡೆ! ಮೂಗಿರೋದು ಬರೀ ಸಿಂಬಳ ಸುರಿಸೋಕಾ?"

ಗಾಜಿನ ಬಾಗಿಲಾಚೆ ನಿಂತು ಲ್ಯಾಬಿನ ಸಾಹೇಬ ಕೂಗಿದ. ಅವನ ಮುಖಕ್ಕೆ ಮುಖವಾಡ, ಮೊಣಕೈವರೆಗೆ ಗ್ಲೌಸು. ಈಚೆ ಕಸ ಗುಡಿಸುವ ಆಯಾ ಬರಿಗೈಯಲ್ಲಿ ಡಬ್ಬ ಹಿಡಿದಿದ್ದಳು. ಪೊಲೀಸರು ಯಾವುದೋ ಗೋದಾಮಿನಲ್ಲಿ ಹಿಡಿದು ಪರೀಕ್ಷೆಗೆ ಕಳಿಸಿದ ಡಬ್ಬ. ಒಳಗೇನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಇಂಥ ಮಾಲನ್ನು ಹೊಗೆ ಎಳೆಯುವ ಗೂಡಿನಲ್ಲಿಟ್ಟೇ ತೆರೆಯಬೇಕು, ಯಾರೂ ಮೂಸಬಾರದು ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಗೂಡಿನ ಫ್ಯಾನು ಕೆಟ್ಟು ಎರಡು ವರ್ಷ. ಆಯಾಳ ಮೂಗಿರುವಾಗ ರಿಪೇರಿಯ ದರ್ದು ಯಾರಿಗೆ?

ಮೊದಲು ಈ ಕೆಲಸ ಅವಳ ಗಂಡನದು. ಒಂದು ಬಾಟಲಿ ಮೂಸಿ ಇದೇ ನೆಲದ ಮೇಲೆ ಬಿದ್ದು ಸತ್ತ. ಕುಡಿದು ಸತ್ತನೆಂದು ಸಾಹೇಬ ಬರೆದುಕೊಟ್ಟ. ಅವನು ಹನಿ ಹೆಂಡ ಮುಟ್ಟಿದವನಲ್ಲ. ಆಮೇಲೆ ಮಹಾ ಕನಿಕರ ಬಂದವನಂತೆ ಸಾಹೇಬ ಅದೇ ಕೆಲಸಕ್ಕೆ ಅವಳನ್ನು ಹಾಕಿಕೊಂಡ.

ಆಯಾಳ ಮೂಗು ಸತ್ತು ಆರು ತಿಂಗಳಾಗಿತ್ತು. ಸಾಹೇಬನಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಅನ್ನ ಸೀದು ಕರಿಕಲಾದಾಗ ಅವಳು ಒಲೆಯ ಮುಂದೆಯೇ ಕೂತಿದ್ದಳು. "ಅಮ್ಮಾ, ನಿಂಗೆ ವಾಸ್ನೆ ಬರ್ಲಿಲ್ವಾ?" ಎಂದು ಮಗಳು ಗಾಬರಿಯಾದಳು.

"ಯಾರ ಹತ್ರಾನೂ ಉಸಿರೆತ್ತಬೇಡ ಕಣೇ. ಗೊತ್ತಾದ್ರೆ ಕೆಲ್ಸದಿಂದ ಒದ್ದು ಓಡಿಸ್ತಾರೆ."

ಅಂದಿನಿಂದ ಬಣ್ಣ ನೋಡಿ, ಕಣ್ಣುರಿ ನೋಡಿ, ಊಹಿಸಿ ಹೇಳುತ್ತಿದ್ದಳು. ವಾಸನೆಯಿಲ್ಲ ಎಂದರೆ ಸಾಹೇಬ ಮುಖವಾಡ ಕಳಚಿ ಕೆಲಸಕ್ಕೆ ಕೂರುತ್ತಿದ್ದ.

ಮುಚ್ಚಳ ತಿರುಗಿಸಿದಳು. ಮೂಗಿಗೇನೂ ತಾಕಲಿಲ್ಲ. ಕಣ್ಣು ಮಾತ್ರ ಖಾರದಪುಡಿ ಎರಚಿದಂತೆ ಉರಿಯಿತು, ಗಂಟಲು ಬಿಗಿಯಿತು. ಹಾಳಾದ್ದು, ಇದು ಜೀವ ತೆಗೆಯುವ ಮಾಲು. ತಟ್ಟನೆ ಮುಚ್ಚಳ ಹಾಕಿ ಹಿಂದೆ ಸರಿದಳು.

"ನಾತ ಬಂತೇನೇ? ಬೊಗಳು!"

ಆಯಾ ಕೆಮ್ಮು ನುಂಗಿಕೊಂಡಳು. "ಇಲ್ಲ ಸಾರ್."

"ಮತ್ತೆ ಕಣ್ಣಲ್ಲಿ ನೀರ್ಯಾಕೆ?"

"ಬೈದ್ರಲ್ಲ ಸಾರ್, ಅದಕ್ಕೆ."

ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ ಗಂಡಾನೂ ಹಿಂಗೇ, ಅಳುಬುರುಕ ನನ್ಮಗ." ಒಳಗೆ ಬಂದವನೇ ಮುಖವಾಡ ಕಿತ್ತು ಮೇಜಿನ ಮೇಲೆಸೆದು ಬೆವರು ಒರೆಸಿಕೊಂಡ.

ಈಗಲಾದರೂ ನಿಜ ಹೇಳಬಹುದಿತ್ತು. ಮಾತು ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಗಂಡನನ್ನು ಆಡಿಕೊಂಡು ನಗುತ್ತಿದ್ದ ಆ ಬಾಯಿ ಕಂಡು ಅವಳ ಹೊಟ್ಟೆಗೆ ಬೆಂಕಿ ಬಿತ್ತು.

"ಬರೀ ನೀರಿರ್ಬೇಕು," ಎನ್ನುತ್ತ ಸಾಹೇಬ ಡಬ್ಬ ಎಳೆದುಕೊಂಡು ಮುಚ್ಚಳಕ್ಕೆ ಕೈ ಹಾಕಿದ.

ಆಯಾ ಆಚೆ ಹೋಗಿ ಬಾಗಿಲೆಳೆದುಕೊಂಡು ಗಾಜಿಗೆ ಮುಖ ಮಾಡಿ ನಿಂತಳು.

"ಹತ್ರ ಹಿಡ್ದು ನೋಡಿ ಸಾರ್," ಎಂದು ಕೂಗಿದಳು. "ಇನ್ನೂ ಹತ್ರ."