ರಾಮಬಾಣ ಅಂದ್ರ ಏನ್ರಿ?

೧೯೩೪ರ ಮಾತು. ಪುಣೆಯ ಬುಧವಾರ ಪೇಟೆಯ ಒಂದು ಔಷಧದಂಗಡಿಯಲ್ಲಿ ಧಾರವಾಡದ ಮಾರ್ತಾಂಡ ಕನ್ನಡ ಲೇಬಲ್ಲು ಬರೆಯುವ ಕೆಲಸಕ್ಕಿದ್ದ. ಮಾಲಕರಾದ ಅವಧೂತರಾಯರು ಬೆಳಗಾವಿ ಕಡೆಯವರು. ಅವರ ಬಾಲಗುಳಿಗೆ ವಿಜಾಪುರದ ತನಕ ಹೋಗುತ್ತಿತ್ತು. ಡಬ್ಬಿಯ ಮೇಲೆ ಕೂಸಿನ ಚಿತ್ರ, ಕೆಳಗೆ ಮಾರ್ತಾಂಡನ ದುಂಡನೆಯ ಅಕ್ಷರ: ‘ಕೂಸಿನ ಅಳು, ಹೊಟ್ಟೆನೋವು, ಜ್ವರಕ್ಕೆ ರಾಮಬಾಣ. ಡಾಕ್ಟರ ಚೀಟಿ ಬೇಕಿಲ್ಲ.’

ಗುಳಿಗೆಯಲ್ಲಿ ಅಫೀಮು ಇರುವುದು ಅವನಿಗೆ ಗೊತ್ತಿತ್ತು. ತನ್ನ ಮಗಳಿಗೆ ಅದನ್ನು ಒಂದು ದಿನವೂ ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿ ತೆರೆಯುವಾಗ ಗೋಕಾಕದ ಚನ್ನಬಸವ್ವ ಬಂದು ನಿಂತಿದ್ದಳು. ಪರ್ವತಿ ಗುಡ್ಡದ ಬುಡದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಕಲ್ಲು ಹೊರುವವಳು. ಸೆರಗಿನ ಗಂಟಿನಿಂದ ಡಬ್ಬಿ ಬಿಚ್ಚಿ ಮುಂದಿಟ್ಟಳು.

“ಇದರ ಮ್ಯಾಲೆ ಏನ್ ಬರದೈತಿ, ಓದ್ರಿ ಯಪ್ಪಾ.”

ಮಾರ್ತಾಂಡ ಓದಿದ.

“ರಾಮಬಾಣ ಅಂದ್ರ ಏನ್ರಿ?”

“ಗುರಿ ತಪ್ಪಂಗಿಲ್ಲ ಅಂತ. ಕೊಟ್ಟರ ಗುಣ ಆಗೇ ಆಗ್ತದ.”

“ಕೂಸಿಗೆ ಜ್ವರ ಇತ್ತು, ನಾ ಕೆಲಸಕ್ಕ ಹೋಗಬೇಕಿತ್ತು. ಒಂದು ಕೊಟ್ಟೆ. ಅಳು ನಿಲ್ಲಲಿಲ್ಲ, ಇನ್ನೊಂದು ಕೊಟ್ಟೆ. ಮಧ್ಯಾಹ್ನ ಹಾಲು ಕುಡಿಸಾಕ ಬಂದು ನೋಡಿದ್ರ ಮೈ ತಣ್ಣಗಾಗಿತ್ತು.” ಅವಳ ದನಿ ಏರಲಿಲ್ಲ. “ನಿಮ್ಮ ಕೂಸಿಗೆ ಎಷ್ಟು ಕೊಡ್ತೀರಿ? ನಾ ಎಲ್ಲಿ ತಪ್ಪಿದೆ, ಹೇಳ್ರಿ.”

ಮಾರ್ತಾಂಡ ಡಬ್ಬಿಯನ್ನು ಅಕ್ಷರ ಕೆಳಗಾಗುವಂತೆ ತಿರುವಿ ಇಟ್ಟ. ಅವಳು ಪರ್ವತಿಯ ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅವಧೂತರಾಯರು ನಿಟ್ಟುಸಿರಿಟ್ಟರು. “ಪಾಪ! ಆದ್ರ ರಾಮಬಾಣ ಅನ್ನೋದು ವ್ಯಾಪಾರದ ಮಾತು. ಎಲ್ಲಾರೂ ಬರೀತಾರ. ಅದನ್ನ ಖರೇ ಅಂತ ಯಾರು ತಿಳೀತಾರ?”

“ಓದಲಿಕ್ಕೆ ಬಾರದವರು ತಿಳೀತಾರ್ರಿ.”

“ಡಾಕ್ಟರ ಬಾಗಿಲಿಗೆ ಹೋಗೋ ತ್ರಾಣ ಅವರಿಗೆಲ್ಲಿ ಅದ? ಕೂಸು ಮಲಗದಿದ್ರ ಆ ತಾಯಂದಿರು ಕೂಲಿಗೆ ಹೋಗೋದು ಹ್ಯಾಂಗ? ಹಸಿವಿನಿಂದ ಸತ್ತರ ಯಾರು ಕೇಳ್ತಾರ?”

ಆ ಮಾತಿನಲ್ಲಿ ಅರ್ಧ ನಿಜವಿತ್ತು. ಮಾರ್ತಾಂಡನಿಗೆ ಹೆಚ್ಚು ಉರಿದದ್ದು ಅದಕ್ಕೇ. ಹೊಸ ಕಾಗದ ತೆಗೆದು ಬರೆದ: ‘ಇದರಲ್ಲಿ ಅಫೀಮು ಇದೆ. ಹೆಚ್ಚಾದರೆ ಕೂಸು ಸಾಯುತ್ತದೆ.’ ರಾಯರು ಓದಿದರು, ನಾಲ್ಕಾಗಿ ಹರಿದರು. “ನಾಳೆಯಿಂದ ಬರಬ್ಯಾಡಪ್ಪ,” ಎಂದರು ಮೆಲ್ಲಗೆ.

ಅಲ್ಲಿಂದ ಅವನು ನೇರ ಪರ್ವತಿಗೆ ನಡೆದ. ಚನ್ನಬಸವ್ವ ಕಲ್ಲಿನ ಬುಟ್ಟಿ ಹೊತ್ತು ಬರುತ್ತಿದ್ದಳು.

“ಅವ್ವಾ, ನೀ ತಪ್ಪಿಲ್ಲ. ಅದು ವಿಷ. ಗೊತ್ತಿದ್ದೂ ರಾಮಬಾಣ ಅಂತ ಬರದಾಂವ ನಾನ.”

ಅವಳು ಬಯ್ಯಲಿಲ್ಲ, ಬುಟ್ಟಿಯನ್ನೂ ಇಳಿಸಲಿಲ್ಲ.

“ಇನ್ನ ಬರಿಯಂಗಿಲ್ಲೇನು?”

“ಇಲ್ಲ. ಬ್ಯಾರೆಯವರು ಬರೀತಾರ.”

“ಹಂಗಾರ ನನಗ ಹೇಳಿ ಏನ್ ಬಂತು?” ಎಂದು ಬೇವಿನ ಮರದತ್ತ ಗದ್ದ ಎತ್ತಿ ತೋರಿಸಿದಳು. ಕೊಂಬೆಗಳಿಗೆ ಐದಾರು ಸೀರೆಯ ಜೋಲಿಗಳನ್ನು ಕಟ್ಟಿದ್ದರು. ಬಿಸಿಲು ನೆತ್ತಿಗೇರಿದ್ದರೂ ಒಂದು ಕೂಸೂ ಅಳುತ್ತಿರಲಿಲ್ಲ. “ಅವರಿಗೆ ಹೇಳು, ಹೋಗು.”

ಮಾರ್ತಾಂಡ ಚಪ್ಪಲಿ ಕಳಚಿ, ಮೊದಲ ಜೋಲಿಯ ಪಕ್ಕ ಕುಳಿತಿದ್ದ ತಾಯಿಯ ಮುಂದೆ ಹೋಗಿ ಕೂತ.