ಮೂರನೇ ವೈರು

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ಕಾರು ಹ್ಯಾಂಡ್‌ಪೋಸ್ಟಿನ ತನ್ನ ಗ್ಯಾರೇಜಿನ ಮುಂದೆ ನಿಂತಾಗ ಗುರುಸ್ವಾಮಿಗೆ ಅದರ ಗುರುತು ಸಿಕ್ಕಿತು. ಅಂತರಸಂತೆ ಆಚೆಯ ಕಾಡಂಚಿನ ಹಾಡಿಯ ಶಿವಕುಮಾರನದು. ಆ ಹಾಡಿಯ ಮನೆಗಳಿಗೆಲ್ಲ ಅದೊಂದೇ ಕಾರು. ಓಡುತ್ತ ಓಡುತ್ತಲೇ ಆಫ್ ಆಗುತ್ತದೆ ಎಂದು ಹದಿನೈದು ದಿನದ ಹಿಂದೆ ತಂದಿದ್ದ. ಗುರುಸ್ವಾಮಿಯೇ ಇಂಜಿನ್ ತಿರುಗುವ ಲೆಕ್ಕ ಹೇಳುವ ಹೊಸ ಕ್ಯಾಮ್‌ಶಾಫ್ಟ್ ಸೆನ್ಸರ್ ಹಾಕಿ ಕಳಿಸಿದ್ದ.

"ಮತ್ತೆ ನಿಂತೋಯ್ತೇನಪ್ಪ?"

"ಶುಕ್ರವಾರ ನಿಂತೋಯ್ತಣ್ಣ. ಅವ್ವಂಗೆ ಎದೆನೋವು ಅಂತ ಕೋಟೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಬತ್ತಿದ್ದೆ." ಶಿವಕುಮಾರ ನೆಲ ನೋಡುತ್ತ ಹೇಳಿದ. "ಇನ್ನೊಂದು ಗಾಡಿ ಸಿಗೋವರ್ಗೂ ಅವ್ಳು ತಡೀಲಿಲ್ಲ. ಹಿಂದಿನ್ ಸೀಟಲ್ಲೇ ಹೋಗ್ಬುಟ್ಲು."

ಹೋದ ಸಲ ಅವನ ಅವ್ವ ಸಣ್ಣಿಯೂ ಮಗನ ಜೊತೆ ಬಂದಿದ್ದಳು. ಇದೇ ಬೆಂಚಿನ ಮೇಲೆ ಕೂತು, "ಸಂದಾಗಿ ನೋಡಪ್ಪ, ನಮ್ದು ಕಾಡು ದಾರಿ" ಅಂದಿದ್ದಳು.

ಆದರೆ ಅವನು ಚೆನ್ನಾಗಿ ನೋಡಿರಲಿಲ್ಲ. ಸ್ಕ್ಯಾನರು ಕ್ಯಾಮ್ ಸೆನ್ಸರ್ ದೋಷ ಎಂದು ತೋರಿಸಿತ್ತು, ಸೆನ್ಸರ್ ಬದಲಾಯಿಸಿದ್ದ, ಗಾಡಿ ಸ್ಟಾರ್ಟ್ ಆಗಿತ್ತು. ಸೆನ್ಸರಿಗೆ ಬರುವ ವೈರುಗಳನ್ನು ಮೊದಲು ಟೆಸ್ಟ್ ಮಾಡಬೇಕೆಂದು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದವನು, ಅವತ್ತು ತಾನೇ ಆ ಕೆಲಸ ಬಿಟ್ಟಿದ್ದ.

ಬಾನೆಟ್ ಎತ್ತಿ ಸೆನ್ಸರಿನ ಸಾಕೆಟ್ ಬಿಚ್ಚಿದ. ಕೀ ಆನ್ ಮಾಡಿಸಿ ಮೀಟರು ಹಿಡಿದ. ಮೊದಲ ವೈರಿನಲ್ಲಿ ಐದು ವೋಲ್ಟ್ ಬರುತ್ತಿತ್ತು. ಎರಡನೆಯದು ಅರ್ತ್, ಅದೂ ಸರಿಯಿತ್ತು. ಉಳಿದದ್ದು ಮೂರನೆಯದು, ಸೆನ್ಸರಿನಿಂದ ಇಂಜಿನ್ ಕಂಪ್ಯೂಟರಿಗೆ ಸುದ್ದಿ ಒಯ್ಯುವ ಸಿಗ್ನಲ್ ವೈರು. ಬ್ಯಾಟರಿ ಕಳಚಿ, ಆ ವೈರಿನ ಎರಡೂ ತುದಿಗೆ ಮೀಟರಿನ ಕಡ್ಡಿ ಇಟ್ಟ. ಮೀಟರು ಒಂದೇ ಸಮ ಕೂಗಿತು. ಎಲ್ಲ ಸರಿಯಿದೆಯಲ್ಲ ಎಂದು ಒಂದು ಗಳಿಗೆ ಅವನ ಜೀವಕ್ಕೆ ಸಮಾಧಾನವಾಯಿತು. ಆಮೇಲೆ ವೈರಿನ ಕಟ್ಟನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಕೂಗು ನಿಂತುಹೋಯಿತು.

ಟೇಪು ಸುಲಿದು ನೋಡಿದ. ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಸವೆದಿತ್ತು. ಒಳಗೆ ಎರಡೇ ಎಳೆ ತಾಮ್ರ ಉಳಿದಿತ್ತು.

ಹೊಸ ಸೆನ್ಸರೇ ಡೂಪ್ಲಿಕೇಟ್ ಮಾಲು ಅಂದುಬಿಟ್ಟಿದ್ದರೆ ಶಿವಕುಮಾರ ನಂಬುತ್ತಿದ್ದ. ಆ ಮಾತು ನಾಲಿಗೆ ತುದಿವರೆಗೂ ಬಂತು.

"ವೈರು ಕಣಪ್ಪ," ಅಂದ ಗುರುಸ್ವಾಮಿ. "ಸೆನ್ಸರಲ್ಲ."

ಶಿವಕುಮಾರ ಬಗ್ಗಿ ಆ ಎರಡು ಎಳೆಯನ್ನು ಬಹಳ ಹೊತ್ತು ನೋಡಿದ. "ಅವತ್ತೇ ನೋಡಿದ್ರೆ ಸಿಕ್ತಿತ್ತಾ?"

"ಸಿಕ್ತಿತ್ತು. ಕಾಲು ಗಂಟೆ ಕೆಲ್ಸ. ನಾನು ನೋಡ್ಲಿಲ್ಲ."

ಬೈಯಲಿ, ಹೊಡೆಯಲಿ ಎಂದು ಗುರುಸ್ವಾಮಿ ಕಾದ. ಶಿವಕುಮಾರ ಬೈಯಲಿಲ್ಲ.

"ಸರಿ ಮಾಡ್ಕೊಡಿ," ಅಂದ. "ಹಾಡೀಲಿ ದಿನ ತುಂಬ್ದ ಬಸ್ರಿ ಒಬ್ಳವ್ಳೆ."

ಗುರುಸ್ವಾಮಿ ವೈರು ಬೆಸೆದ. ಮೂರು ಸಲ ಬಿಚ್ಚಿ ಮತ್ತೆ ಬೆಸೆದ, ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ. ಕೀ ತಿರುಗಿಸಿದ ಕೂಡಲೇ ಇಂಜಿನ್ ಸಣ್ಣಗೆ, ಒಂದೇ ಸಮನೆ ಓಡತೊಡಗಿತು. ಆ ಸದ್ದು ಕೇಳುತ್ತ ನಿಲ್ಲಲು ಅವನಿಂದಾಗಲಿಲ್ಲ.

ಶಿವಕುಮಾರ ಹೊರಟ ಮೇಲೆ ಬಿಳಿಕೆರೆಯವರೊಬ್ಬರು ಬಂದು, "ನಮ್ ಕಾರು ಓಡ್ತಾ ಓಡ್ತಾ ಆಫ್ ಆಯ್ತದೆ ಕಣ್ರೀ, ವಸಿ ನೋಡಿ," ಅಂದರು. ಗುರುಸ್ವಾಮಿ ಬೆಂಚಿನಿಂದ ಏಳಲೇ ಇಲ್ಲ.

"ಬೇರೆ ಕಡೆ ತೋರ್ಸಿ ಸ್ವಾಮಿ," ಅಂದ. "ನನ್ನ ನಂಬಬೇಡಿ."